ಶಿರಸಿಯಿಂದ ದುಬೈಗೆ 3 ಗಂಟೆ 26 ನಿಮಿಷ: ಈ ಲೆಕ್ಕ ಎಲ್ಲಿಂದ ಬಂತು?

ಪ್ರಶ್ನೆ: ನಾವು ಶಿರಸಿಯವರು. ಮಗಳು ದುಬೈನಲ್ಲಿದ್ದಾಳೆ. ಬಾಣಂತನಕ್ಕೆಂದು ಜುಲೈ ತಿಂಗಳಲ್ಲಿ ನಾನೂ ನಮ್ಮನೆಯವರೂ ಹೊರಟಿದ್ದೇವೆ. ಇಬ್ಬರಿಗೂ ಇದು ಮೊದಲ ವಿಮಾನ ಪ್ರಯಾಣ. ಫೋನಿನಲ್ಲಿ ಹುಡುಕಿದರೆ ಶಿರಸಿ–ದುಬೈ 2,355 ಕಿಲೋಮೀಟರ್, ವಿಮಾನದಲ್ಲಿ 3 ಗಂಟೆ 26 ನಿಮಿಷ ಎಂದು ಬರುತ್ತದೆ. ಅಳಿಯ ಕಳಿಸಿದ ಟಿಕೆಟ್ ನೋಡಿದರೆ ಮಂಗಳೂರಿನಿಂದ ರಾತ್ರಿ 11.15ಕ್ಕೆ ಹೊರಟು 1.15ಕ್ಕೆ ದುಬೈ. ಅಂದರೆ ಎರಡೇ ಗಂಟೆ! ಅಕ್ಟೋಬರ್ ಕೊನೆಗೆ ವಾಪಸ್ ಬರುವಾಗ ಮಧ್ಯಾಹ್ನ 12ಕ್ಕೆ ಹೊರಟು ಸಂಜೆ 5ಕ್ಕೆ ಮಂಗಳೂರು. ಇದು ಐದು ಗಂಟೆ. ಯಾವುದು ಸರಿ? ಗೋವಾ ಹತ್ತಿರ ಅಲ್ವಾ, ಮಂಗಳೂರು ಯಾಕೆ? ಇನ್ನೊಂದು: ಹುಬ್ಬಳ್ಳಿಯಿಂದ ವಿಮಾನ ಹಿಡಿದರೆ ಬೆಂಗಳೂರಿಗೂ ಬೇಗ ಹೋಗಬಹುದು ಎಂದು ನಮ್ಮನೆಯವರು ಹೇಳುತ್ತಿರುತ್ತಾರೆ. ಹೌದಾ?

ಉತ್ತರ: ಟಿಕೆಟ್ ಸರಿಯಾಗಿದೆ, ಅಕ್ಕಾ. ಹೋಗುವಾಗ ಮೂರೂವರೆ ಗಂಟೆ, ಬರುವಾಗಲೂ ಮೂರೂವರೆ ಗಂಟೆ. ಟಿಕೆಟ್‌ನಲ್ಲಿ ಹೊರಡುವ ಸಮಯವನ್ನು ಆ ಊರಿನ ಗಡಿಯಾರದಲ್ಲಿ ಬರೆಯುತ್ತಾರೆ, ಇಳಿಯುವ ಸಮಯವನ್ನು ಇಳಿಯುವ ಊರಿನ ಗಡಿಯಾರದಲ್ಲಿ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನೀವು ರಾತ್ರಿ 1.15ಕ್ಕೆ ದುಬೈನಲ್ಲಿ ಇಳಿದಾಗ ಶಿರಸಿಯಲ್ಲಿ 2.45 ಆಗಿರುತ್ತದೆ. ಬರುವಾಗ ಅಲ್ಲಿಯ 12 ಗಂಟೆ ಅಂದರೆ ನಮ್ಮ 1.30. ಅಲ್ಲಿಂದ ಸಂಜೆ 5ರವರೆಗೆ ಎಣಿಸಿ, ಅದೇ ಮೂರೂವರೆ ಗಂಟೆ.

ಹಾಗಾದರೆ ಫೋನಿನ 3 ಗಂಟೆ 26 ನಿಮಿಷವೂ ಹತ್ತಿರಹತ್ತಿರ ಸರಿಯೇ ಇದೆಯಲ್ಲ ಅನ್ನಬಹುದು. ಅದು ಕಾಕತಾಳೀಯ. ಶಿರಸಿಯಲ್ಲಿ ವಿಮಾನ ನಿಲ್ದಾಣವೇ ಇಲ್ಲದಿರುವಾಗ ಆ ಸಂಖ್ಯೆ ಬಂದಿದ್ದಾದರೂ ಎಲ್ಲಿಂದ? ಲೆಕ್ಕ ಬಹಳ ಸರಳ. ಎರಡು ಊರುಗಳ ಅಕ್ಷಾಂಶ, ರೇಖಾಂಶ ತೆಗೆದುಕೊಂಡು ಭೂಮಿಯ ಮೇಲೆ ನೇರ ಗೆರೆ ಎಳೆಯುತ್ತಾರೆ. ಆ ದೂರವನ್ನು ಗಂಟೆಗೆ ಸುಮಾರು 800 ಕಿಲೋಮೀಟರ್ ವೇಗದಿಂದ ಭಾಗಿಸುತ್ತಾರೆ. ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸುತ್ತಾರೆ. ಅಷ್ಟೇ. ಅಲ್ಲಿ ವಿಮಾನ ಇದೆಯಾ, ನಿಲ್ದಾಣ ಇದೆಯಾ, ನಡುವೆ ಘಟ್ಟ ಇದೆಯಾ ಎಂದು ಆ ಲೆಕ್ಕ ಕೇಳುವುದಿಲ್ಲ.

ನಂಬಿಕೆ ಬರದಿದ್ದರೆ ಕಾರವಾರ–ಶಿರಸಿ ಹಾಕಿ ನೋಡಿ. ನೇರ ಗೆರೆಯಲ್ಲಿ ಸುಮಾರು 80 ಕಿಲೋಮೀಟರ್. ಈ ಸೂತ್ರದ ಪ್ರಕಾರ ಆರು ನಿಮಿಷ ಹಾರಾಟ, ಅರ್ಧ ಗಂಟೆ ಏರಿಳಿತ, ಒಟ್ಟು 36 ನಿಮಿಷ! ನಾವು ಅಂಕೋಲಾ, ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ, 120 ಕಿಲೋಮೀಟರ್ ಸುತ್ತಿ ಬರುತ್ತೇವೆ. ಬಸ್ಸಿನಲ್ಲಿ ಮೂರು ಗಂಟೆ ಬೇಕು. ಜಿಲ್ಲಾ ಕೇಂದ್ರಕ್ಕೆ ಒಂದು ಕಾಗದ ಕೊಡಲು ಹೋಗಿ ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ ಎಂಬುದು ಶಿರಸಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಮಾನದ ಸಮಯ ನಿಜವಾಗಿ ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಹಿಂದೆ ವಿಮಾನಗಳ ಹಾರಾಟದ ಯೋಜನೆ ಹಾಕುವ ವಿಭಾಗದಲ್ಲಿ ಕೆಲಸ ಮಾಡಿದವನು, ಈ ವಿಷಯ ಬಂದರೆ ಮಾತು ಉದ್ದವಾಗುತ್ತದೆ.

ಟಿಕೆಟ್‌ನಲ್ಲಿರುವ ಮೂರೂವರೆ ಗಂಟೆ ಬರೀ ಗಾಳಿಯಲ್ಲಿರುವ ಸಮಯ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಅಲ್ಲಿ ಹೋಗಿ ಗೇಟಿನ ಹತ್ತಿರ ಪೂರ್ತಿ ನಿಲ್ಲುವವರೆಗಿನ ಸಮಯ. ರನ್‌ವೇವರೆಗೆ ನಿಧಾನಕ್ಕೆ ಉರುಳುವುದು, ಸರದಿಗೆ ಕಾಯುವುದು ಎಲ್ಲಾ ಅದರೊಳಗೇ ಬರುತ್ತದೆ. ಮಂಗಳೂರು ಸಣ್ಣ ನಿಲ್ದಾಣ, ಬೇಗ ಹೊರಟುಬಿಡುತ್ತದೆ. ದುಬೈನದು ಜಗತ್ತಿನ ಅತಿ ದಟ್ಟಣೆಯ ನಿಲ್ದಾಣಗಳಲ್ಲಿ ಒಂದು. ಇಳಿದ ಮೇಲೂ ಹತ್ತು ಹದಿನೈದು ನಿಮಿಷ ನೆಲದ ಮೇಲೇ ಓಡುತ್ತಿರುತ್ತೀರಿ. 'ಇಳೀತಲ್ಲ, ಇನ್ನೂ ಯಾಕೆ ಬಾಗಿಲು ತೆಗೀತಿಲ್ಲ' ಎಂದು ಗಾಬರಿಯಾಗಬೇಡಿ. ಕಂಪನಿಗಳು ವೇಳಾಪಟ್ಟಿಯಲ್ಲಿ ಒಂದಷ್ಟು ನಿಮಿಷ ಕೈಯಲ್ಲಿಟ್ಟುಕೊಂಡೇ ಬರೆಯುತ್ತವೆ. ಹಾಗಾಗಿ ಅರ್ಧ ಗಂಟೆ ತಡವಾಗಿ ಹೊರಟ ವಿಮಾನವೂ ಎಷ್ಟೋ ಸಲ ಹತ್ತೇ ನಿಮಿಷ ತಡವಾಗಿ ಇಳಿಯುತ್ತದೆ.

ಮಂಗಳೂರು–ದುಬೈ ನೇರ ಗೆರೆಯಲ್ಲಿ ಸುಮಾರು 2,460 ಕಿಲೋಮೀಟರ್. ನಿಮ್ಮನ್ನು ಒಯ್ಯುವ ಜೆಟ್ ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 830ರ ಆಸುಪಾಸಿನ ವೇಗದಲ್ಲಿ ಹೋಗುತ್ತದೆ. ಆ ಎತ್ತರಕ್ಕೆ ಏರಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಇಳಿಯುವಾಗ ಊರು ಇನ್ನೂ 200 ಕಿಲೋಮೀಟರ್ ದೂರ ಇರುವಾಗಲೇ ಇಳಿಮುಖ ಶುರು. ಹತ್ತು ಸಾವಿರ ಅಡಿಗಿಂತ ಕೆಳಗೆ ಬಂದ ಮೇಲೆ ಗಂಟೆಗೆ ಸುಮಾರು 460 ಕಿಲೋಮೀಟರಿಗಿಂತ ವೇಗ ಸಾಮಾನ್ಯವಾಗಿ ಇಟ್ಟುಕೊಳ್ಳುವಂತಿಲ್ಲ. ದುಬೈನಷ್ಟು ದೂರಕ್ಕೆ ಈ ಏರಿಳಿತ ಒಂದು ಸಣ್ಣ ಪಾಲು. ಹತ್ತಿರದ ಊರಿಗಾದರೆ ಅದೇ ದೊಡ್ಡ ಪಾಲು. ಇದನ್ನು ನೆನಪಿಟ್ಟುಕೊಳ್ಳಿ, ಹುಬ್ಬಳ್ಳಿ–ಬೆಂಗಳೂರಿನ ವಿಷಯಕ್ಕೆ ಬೇಕಾಗುತ್ತದೆ.

ಇನ್ನು ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತ, ಅರಬ್ ದೇಶಗಳ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಆಗ ಕೊಲ್ಲಿಗೆ ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಡಿಮೆ. ಜುಲೈನಲ್ಲಿ ನಮ್ಮ ತಲೆಯ ಮೇಲಿನ ಕಥೆ ಬೇರೆ. ಕರಾವಳಿಯಲ್ಲಿ ನೆಲದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಹೊಡೆಯುತ್ತಿರುತ್ತದೆ. ಆದರೆ ಅದೇ ಹೊತ್ತಿಗೆ ಬಹಳ ಎತ್ತರದಲ್ಲಿ ಗಾಳಿ ತಿರುಗಿ ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತಿರುತ್ತದೆ. 1950ರ ದಶಕದಲ್ಲಿ ಇದನ್ನು ಗುರುತಿಸಿ ಜಗತ್ತಿಗೆ ತಿಳಿಸಿದ್ದು ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಈ ಹರಿವಿನ ನಡುಭಾಗ ಇರುವುದು ವಿಮಾನಗಳಿಗಿಂತ ಇನ್ನೂ ಮೇಲೆ. ಆದರೂ ಅದರ ಸೆಳಕು ಕೆಳಗೂ ತಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮಂಗಳೂರು ಬಿಟ್ಟು ಅರಬ್ಬಿ ಸಮುದ್ರದ ಮೇಲೆ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಹಿಂದಿನಿಂದ ಒಂದಿಷ್ಟು ನೂಕು ಸಿಗುತ್ತದೆ. ನಿಮ್ಮ ಲೆಕ್ಕಕ್ಕೆ ಇದೆಲ್ಲಾ ಹತ್ತು ನಿಮಿಷದ ಆಚೀಚೆ ಅಷ್ಟೇ. ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಪಾಕಿಸ್ತಾನದ ಆಕಾಶ ಬಂದ್ ಆಗಿದೆಯಲ್ಲ, ಸುತ್ತಿ ಹೋಗಬೇಕಾ ಎಂದು ಕೆಲವರು ಕೇಳುತ್ತಾರೆ. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಆ ದಾರಿ ಮುಚ್ಚಿದಾಗ ಪೆಟ್ಟು ಬಿದ್ದಿದ್ದು ದೆಹಲಿ, ಅಮೃತಸರ ಕಡೆಯಿಂದ ಹೋಗುವವರಿಗೆ. ನಮ್ಮ ಕರಾವಳಿಯಿಂದ ದಾರಿ ಇರುವುದು ಸಮುದ್ರದ ಮೇಲೆ.

ಈಗ ನೀವು ನಿಜವಾಗಿ ಯೋಚಿಸಬೇಕಾದ ಭಾಗಕ್ಕೆ ಬರೋಣ. ಅದು ಆಕಾಶದ್ದಲ್ಲ, ರಸ್ತೆಯದು.

ಶಿರಸಿಯಿಂದ ದಾಬೋಲಿ, ಅಂದರೆ ಗೋವಾದ ಹಳೆಯ ನಿಲ್ದಾಣ, ನೇರ ಗೆರೆಯಲ್ಲಿ 140 ಕಿಲೋಮೀಟರ್ ಒಳಗೇ ಇದೆ. ಕರಾವಳಿಯ ರಸ್ತೆಯಲ್ಲಿ 210ರ ಹತ್ತಿರ. ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ರಸ್ತೆಯಲ್ಲಿ 260ರ ಆಸುಪಾಸು. ನೀವು ಹೇಳಿದ ಹಾಗೆ ಗೋವಾ ಹತ್ತಿರ, ಸಂಶಯ ಇಲ್ಲ. ಆದರೂ ಅಳಿಯ ಮಂಗಳೂರು ಹಿಡಿದಿದ್ದೇ ಒಳ್ಳೆಯದಾಯಿತು. ಮಂಗಳೂರಿನಿಂದ ದುಬೈಗೆ ದಿನವೂ ನೇರ ವಿಮಾನ ಉಂಟು. ಭಟ್ಕಳ, ಉಡುಪಿ, ಕಾಸರಗೋಡಿನ ಸಾವಿರಾರು ಮನೆಗಳು ಕೊಲ್ಲಿ ದೇಶಗಳನ್ನು ನಂಬಿಕೊಂಡಿರುವುದರಿಂದ ಆ ದಾರಿಗೆ ವರ್ಷವಿಡೀ ಜನ ಇದ್ದಾರೆ. ಗೋವಾ ಪ್ರವಾಸಿಗರ ಊರು. ಅಲ್ಲಿನ ಹೊರದೇಶದ ವಿಮಾನಗಳು ಸೀಸನ್ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತಿರುತ್ತವೆ. ನೇರ ವಿಮಾನ ಸಿಗದೆ ಮುಂಬೈಯಲ್ಲಿ ಇಳಿದು ಹತ್ತಿದರೆ ಉಳಿಸಿದ 50 ಕಿಲೋಮೀಟರಿಗೆ ಐದಾರು ಗಂಟೆ ದಂಡ ಕಟ್ಟಿದ ಹಾಗೆ. ಮೊದಲ ಸಲ ಹಾರುವ ಇಬ್ಬರಿಗೆ ಅದು ಬೇಡ.

ಜುಲೈ ತಿಂಗಳು ಎಂಬುದೂ ಒಂದು ಕಾರಣ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದಿದ್ದನ್ನು ಜಿಲ್ಲೆಯವರು ಮರೆತಿಲ್ಲ. ದಿನಗಟ್ಟಲೆ ದಾರಿ ಬಂದ್ ಆಗಿತ್ತು. ಅದಾಗಿ ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಕುಮಟಾದಿಂದ ಗೋವಾಕ್ಕೆ ಹೋಗುವವರು ಈ ಎರಡೂ ಜಾಗ ದಾಟಲೇಬೇಕು. ನೀವು ಕುಮಟಾದಲ್ಲಿ ದಕ್ಷಿಣಕ್ಕೆ ತಿರುಗುತ್ತೀರಿ, ಎರಡೂ ತಪ್ಪುತ್ತದೆ. ಉಳಿಯುವುದು ದೇವಿಮನೆ ಘಟ್ಟ ಮಾತ್ರ. ಅದು ಮಳೆಗಾಲದಲ್ಲಿ ಯಾವಾಗ ಬಂದ್ ಎಂದು ಬೆಳಿಗ್ಗೆ ಎದ್ದು ಕೇಳಿಯೇ ತಿಳಿಯಬೇಕು. ಬಂದ್ ಇದ್ದರೆ ಸಿದ್ದಾಪುರ, ಮಾವಿನಗುಂಡಿ ಮೇಲಿಂದ ಗೇರುಸೊಪ್ಪ ಘಟ್ಟ ಇಳಿದು ಹೊನ್ನಾವರ ಸೇರಿಕೊಳ್ಳಿ. ಡ್ರೈವರ್‌ಗೆ ಹಿಂದಿನ ದಿನವೇ ಇದನ್ನು ಹೇಳಿಡಿ.

ಗಂಟೆ ಲೆಕ್ಕ ಹಾಕೋಣ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಅಂದರೆ ರಾತ್ರಿ 8.15. ರಸ್ತೆ ಚೆನ್ನಾಗಿದ್ದರೆ ಆರು ಗಂಟೆ. ಮಳೆಗಾಲಕ್ಕೆ ಎರಡು ಗಂಟೆ ಸೇರಿಸಿ. ಊಟ, ಚಾ ಎಲ್ಲಾ ಹಿಡಿದು ಬೆಳಿಗ್ಗೆ 11ಕ್ಕೆ ಮನೆ ಬಿಟ್ಟರೆ ನೆಮ್ಮದಿ. ದುಬೈನಲ್ಲಿ ವಿಮಾನ ನಿಲ್ಲುವಾಗ ನಮ್ಮ ಗಡಿಯಾರದಲ್ಲಿ 2.45. ಒಟ್ಟು ಹದಿನಾರು ಗಂಟೆ ಹತ್ತಿರ ಆಯಿತು. ಅದರಲ್ಲಿ ವಿಮಾನದ ಪಾಲು ಮೂರೂವರೆ. ಶಿರಸಿ–ದುಬೈ ಎಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಹದಿನಾರು ಗಂಟೆ ಅಂತಲೇ. ಬೇಗ ತಲುಪಿದರೆ ಬಜ್ಪೆಯಲ್ಲಿ ಕೂತು ಕಾಯಿರಿ. ಬೇಜಾರಾಗಬಹುದು, ವಿಮಾನವಂತೂ ತಪ್ಪುವುದಿಲ್ಲ. ಮಳೆ ತೀರಾ ಜೋರಿದ್ದರೆ ಬರಬೇಕಾದ ವಿಮಾನ ಅಲ್ಲಿ ಇಳಿಯಲಾಗದೆ ಬೇರೆ ಊರಿಗೆ ಹೋಗಿ ಕಾದು ಬರುವುದೂ ಉಂಟು. ಅದು ಆಗಾಗ ಆಗುವಂಥದ್ದು, ಹೆದರಬೇಡಿ.

ಈಗ ನಿಮ್ಮನೆಯವರ ಹುಬ್ಬಳ್ಳಿ ವಿಷಯ. ಹುಬ್ಬಳ್ಳಿ–ಬೆಂಗಳೂರು ಆಕಾಶದಲ್ಲಿ ಸುಮಾರು 370 ಕಿಲೋಮೀಟರ್. ಜೆಟ್ ಆದರೆ ಏರುವುದು ಮುಗಿಯಿತು ಅನ್ನುವಷ್ಟರಲ್ಲಿ ಇಳಿಯುವುದು ಶುರು, ಪೂರ್ತಿ ವೇಗ ಹಿಡಿಯಲು ಜಾಗವೇ ಇಲ್ಲ. ಫ್ಯಾನಿನಂಥ ರೆಕ್ಕೆ ತಿರುಗುವ ಎಟಿಆರ್ ವಿಮಾನ ಆದರೆ ಅದರ ವೇಗವೇ ಗಂಟೆಗೆ 500ರ ಆಸುಪಾಸು. ಟಿಕೆಟ್‌ನಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ ಎಂದು ಬರೆದಿರುತ್ತದೆ. ಅದೇನೋ ಸರಿ. ಆದರೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್, ಎರಡೂವರೆ ಗಂಟೆ. ನಿಲ್ದಾಣದಲ್ಲಿ ಒಂದೂವರೆ ಗಂಟೆ. ಹಾರಾಟ ಒಂದೂಕಾಲು. ಬ್ಯಾಗ್ ತೆಗೆದುಕೊಂಡು ಹೊರಬರಲು ಅರ್ಧ. ದೇವನಹಳ್ಳಿಯಿಂದ ಜಯನಗರವೋ ರಾಜಾಜಿನಗರವೋ ಮುಟ್ಟಲು ಒಂದೂವರೆ, ಶುಕ್ರವಾರ ಸಂಜೆಯಾದರೆ ಎರಡು. ಕೂಡಿಸಿ, ಏಳು ಗಂಟೆ ದಾಟಿತು. ರಾತ್ರಿ ಹತ್ತಕ್ಕೆ ಶಿರಸಿಯಲ್ಲಿ ಸ್ಲೀಪರ್ ಬಸ್ ಹತ್ತಿ ಮಲಗಿದರೆ ಬೆಳಿಗ್ಗೆ ಆರರ ಹೊತ್ತಿಗೆ ಬೆಂಗಳೂರು. ಒಂದು ಗಂಟೆ ಉಳಿಸಲು ಇಡೀ ಹಗಲು ಕಳೆದುಕೊಂಡು, ಮೇಲೆ ದುಡ್ಡೂ ಕೊಡಬೇಕು. ನನ್ನ ಕೇಳಿದರೆ ಬಸ್ಸೇ ಸಾಕು. ಕಾರವಾರದವರಾದರೆ ನಾನು ವಿಮಾನದ ಮಾತೇ ಎತ್ತುವುದಿಲ್ಲ, ರಾತ್ರಿ ಪಂಚಗಂಗಾ ರೈಲು ಹತ್ತಿಸಿ ಕಳಿಸುತ್ತೇನೆ.

ಹಾಗಂತ ಹುಬ್ಬಳ್ಳಿ ನಿಲ್ದಾಣ ದಂಡ ಅಂತಲ್ಲ. ಬೆನ್ನು ನೋವಿದ್ದು ಬಸ್ಸಿನಲ್ಲಿ ಮಲಗಲಾಗದವರಿಗೆ, ಬೆಂಗಳೂರು ನಿಲ್ದಾಣದಿಂದಲೇ ಮುಂದಿನ ವಿಮಾನ ಹಿಡಿಯುವವರಿಗೆ ಅದು ವರ. ಮುಂಬೈ, ದೆಹಲಿ ಕಡೆಗಂತೂ ಹೇಳಲೇಬೇಕಿಲ್ಲ. ಹುಬ್ಬಳ್ಳಿ–ದೆಹಲಿ ನಡುವೆ ಒಂದೂವರೆ ಸಾವಿರ ಕಿಲೋಮೀಟರ್, ರೈಲಿನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಬೇಕು. ಅಲ್ಲಿ ವಿಮಾನದ ಲಾಭ ಕಣ್ಣಿಗೆ ಕಾಣುತ್ತದೆ. ಯಾವ ಊರಿಗೆ ಯಾವ ದಿನ ವಿಮಾನ ಇದೆ ಎಂಬುದು ಮಾತ್ರ ಬದಲಾಗುತ್ತಿರುತ್ತದೆ, ಹೋಗುವ ಮುಂಚೆ ನೋಡಿಕೊಳ್ಳಿ. ಮುಂಬೈಗೆ ಹೋಗುವವರಿಗೆ ಒಂದು ಮಾತು: ಅಲ್ಲಿನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಒಂದೇ ಹೊತ್ತಿಗೆ ಎರಡನ್ನೂ ಬಳಸುವಂತಿಲ್ಲ. ಅದಕ್ಕೇ ಇಳಿಯುವ ಮುಂಚೆ ವಿಮಾನ ಸುತ್ತು ಹೊಡೆಯುತ್ತಾ ಕಾಯುವುದು ಅಲ್ಲಿ ಮಾಮೂಲು. ನಿಮಿಷ ಹಿಡಿದು ಲೆಕ್ಕ ಹಾಕಬೇಡಿ.

ನಮ್ಮ ಜಿಲ್ಲೆಗೇ ವಿಮಾನ ಬರುವುದಿಲ್ಲವಾ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆ, ಜೊತೆಗೆ ನಾಗರಿಕರಿಗೂ ಒಂದು ಭಾಗ ಎಂಬ ಯೋಜನೆ ಇದೆ. ಅದು ಆದ ದಿನ ಕುಮಟಾ, ಕಾರವಾರದವರ ಲೆಕ್ಕ ಪೂರ್ತಿ ಬದಲಾಗುತ್ತದೆ. ಘಟ್ಟದ ಮೇಲಿನವರಿಗೆ ಆಗಲೂ ಘಟ್ಟ ಇಳಿಯುವುದು ತಪ್ಪುವುದಿಲ್ಲ ಬಿಡಿ.

ಗೋವಾದಿಂದ ಹೋಗುವ ಬೇರೆ ಓದುಗರಿಗೆ ಇಲ್ಲೇ ಒಂದು ಎಚ್ಚರಿಕೆ. ಗೋವಾದಲ್ಲಿ ಈಗ ಎರಡು ನಿಲ್ದಾಣ. ದಾಬೋಲಿ ದಕ್ಷಿಣಕ್ಕೆ, ಕಾರವಾರದಿಂದ 90 ಕಿಲೋಮೀಟರ್ ಹತ್ತಿರ. 2023ರ ಜನವರಿಯಿಂದ ವಿಮಾನ ಹಾರುತ್ತಿರುವ ಮೋಪಾ ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿ ಹತ್ತಿರ. ಕಾರವಾರದಿಂದ ಸುಮಾರು 135. ಟಿಕೆಟ್‌ನಲ್ಲಿ ಜಿಒಐ ಎಂದಿದ್ದರೆ ದಾಬೋಲಿ, ಜಿಒಎಕ್ಸ್ ಎಂದಿದ್ದರೆ ಮೋಪಾ. 'ಗೋವಾ' ಎಂದಷ್ಟೇ ಓದಿ ದಾಬೋಲಿಗೆ ಹೋಗಿ ನಿಂತರೆ, ಅಲ್ಲಿಂದ ಮೋಪಾಗೆ ಓಡುವಷ್ಟರಲ್ಲಿ ವಿಮಾನ ಹೋಗಿರುತ್ತದೆ. ಮಡಗಾಂವ ದಾಟುವ ಮುಂಚೆ ಇನ್ನೊಮ್ಮೆ ಟಿಕೆಟ್ ತೆಗೆದು ನೋಡಿ.

ತಾರೀಖಿನ ಗೊಂದಲವೂ ಅಷ್ಟೇ ಅಪಾಯದ್ದು. ನಿಮ್ಮ ವಿಮಾನ 11.15ಕ್ಕೆ, ಹೊರಡುವಾಗ ತೊಂದರೆ ಇಲ್ಲ. ಇಳಿಯುವುದು ಮಾತ್ರ ಮರುದಿನದ ತಾರೀಖಿಗೆ. ಅಳಿಯನಿಗೆ ಇದು ಗೊತ್ತಿರುತ್ತದೆ, ಆದರೂ ಹೇಳಿಡಿ. ವೇಳೆ ಬದಲಾಗಿ ವಿಮಾನ 12.40ಕ್ಕೆ ಎಂದು ಮೆಸೇಜ್ ಬಂದರೆ ಆಗ ಹುಷಾರು. 17ನೇ ತಾರೀಖು ರಾತ್ರಿ 12.40 ಎಂದರೆ 16ರ ಊಟ ಮುಗಿಸಿ ಹತ್ತುವ ವಿಮಾನ. 17ರ ರಾತ್ರಿ ಹೋಗಿ ನಿಂತು, ನಿನ್ನೆಯೇ ಹೋಯಿತು ಎಂದು ಕೇಳಿಸಿಕೊಂಡವರು ಎಷ್ಟೋ ಜನ. ವಾಪಸ್ ಬರುವುದು ಅಕ್ಟೋಬರ್ ಕೊನೆ ಎಂದಿದ್ದೀರಿ. ಆ ತಿಂಗಳ ಕೊನೆಯ ಭಾನುವಾರದಿಂದ ವಿಮಾನ ಕಂಪನಿಗಳ ಚಳಿಗಾಲದ ವೇಳಾಪಟ್ಟಿ ಶುರುವಾಗುತ್ತದೆ. ಮಧ್ಯಾಹ್ನ 12 ಎಂಬುದು ಹಿಂದೆ ಮುಂದೆ ಆಗಬಹುದು. ಒಂದು ವಾರ ಮುಂಚೆ ಮಗಳ ಹತ್ತಿರ ನೋಡಿಸಿ.

ಕೇಳದಿದ್ದರೂ ಸಾಮಾನಿನ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಬಾಣಂತನಕ್ಕೆ ಹೊರಟವರ ಚೀಲ ಹೇಗಿರುತ್ತದೆ ಎಂದು ನನಗೆ ಗೊತ್ತು. ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪ, ತಲೆಗೆ ಹಚ್ಚುವ ಎಣ್ಣೆ ಯಾವುದನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ತಪಾಸಣೆಯಲ್ಲಿ ತೆಗೆಸಿಬಿಡುತ್ತಾರೆ. ಎರಡು ಪದರ ಪ್ಲಾಸ್ಟಿಕ್ ಸುತ್ತಿ ದೊಡ್ಡ ಬ್ಯಾಗಿನಲ್ಲಿ ಹಾಕಿ. ಅದಕ್ಕೆ ಎಷ್ಟು ಕೆಜಿ ಬಿಡುತ್ತಾರೆ ಎಂದು ಟಿಕೆಟ್‌ನಲ್ಲೇ ಇರುತ್ತದೆ, ಮನೆಯಲ್ಲೇ ತೂಕ ಹಾಕಿ. ಹಲಸಿನ ಹಪ್ಪಳ ಕೈಚೀಲದಲ್ಲಿ ಇರಲಿ, ಇಲ್ಲದಿದ್ದರೆ ದುಬೈನಲ್ಲಿ ಪುಡಿ ಸಿಗುತ್ತದೆ.

ಬಾಣಂತಿಗೆ ಎಂದು ಗಸಗಸೆ ಮಾತ್ರ ಒಂದು ಕಾಳೂ ಒಯ್ಯಬೇಡಿ. ಅಲ್ಲಿ ಅದಕ್ಕೆ ನಿಷೇಧ ಇದೆ. ಸುಮ್ನೆ ತಕರಾರು ಅಲ್ಲ, ಮಾದಕ ವಸ್ತುವಿನ ಕಾನೂನಿನ ಕೆಳಗೆ ಬರುತ್ತದೆ. ಲೇಹ, ಪುಡಿಗಳಲ್ಲಿ ಗಸಗಸೆ ಹಾಕಿದ್ದಾರಾ ಎಂದು ಮಾಡಿದವರನ್ನು ಕೇಳಿಯೇ ಕಟ್ಟಿಕೊಳ್ಳಿ. ಇಬ್ಬರ ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರ ಚೀಟಿಯ ಜೊತೆಗೆ ಕೈಚೀಲದಲ್ಲೇ ಇಡಿ. ಜೋರು ನೋವಿನ ಮಾತ್ರೆ, ಕೆಮ್ಮಿನ ಔಷಧಿ ಏನಾದರೂ ಇದ್ದರೆ ಅದರ ಫೋಟೋ ತೆಗೆದು ಮೊದಲೇ ಅಳಿಯನಿಗೆ ಕಳಿಸಿ, ಅಲ್ಲಿ ನಡೆಯುತ್ತದಾ ಎಂದು ವಿಚಾರಿಸಲಿ.